ಜುಲೈ ಸೆಕೆಯಲ್ಲಿ ನಾಲ್ಕು ಕ್ರಿಸ್‌ಮಸ್ ಹಾಡು: ಒಂದೇ ಹಾಲ್, ಹೆಡ್‌ಫೋನ್ ಇಲ್ಲ

ಜಾಝ್ ಗಾಯಕಿ, ಪಿಯಾನೊ, ಡಬಲ್ ಬಾಸ್, ಕೋಲಿನ ಬದಲು ತಂತಿ ಬ್ರಷ್ ಹಿಡಿದ ಡ್ರಮ್ಮರ್ ನಾಲ್ವರನ್ನೂ ಒಂದೇ ಹಾಲ್‌ನಲ್ಲಿ ಕೂರಿಸಿ ರೆಕಾರ್ಡ್ ಮಾಡ್ತೀನಿ ಅಂದಾಗ, "ದನಿಯ ಮೈಕಿನೊಳಗೆ ಡ್ರಮ್ಮಿನ ಸಿಂಬಲ್ ತಟ್ಟೆಯ ಸದ್ದು ನುಗ್ಗಿದರೆ ಮಿಕ್ಸ್‌ನಲ್ಲಿ ಏನು ಕಿತ್ತು ಹಾಕ್ತೀಯಾ" ಅಂದವರೇ ಎಲ್ಲ. ನುಗ್ಗಿದೆ, ನಿಜ. ಕೇಳೋಕೆ ಚೆನ್ನಾಗಿಯೇ ಇದೆ.

ನ್ಯೂಜೆರ್ಸಿಯ ಮನೆ, ಸುಮಾರು 14ಕ್ಕೆ 20 ಅಡಿ ಹಾಲ್. ಇದಕ್ಕೂ ಮುಂಚೆ ಸ್ಟುಡಿಯೊದಲ್ಲಿ ಒಬ್ಬೊಬ್ಬರಿಗೂ ಬೇರೆ ಬೂತ್, ಹೆಡ್‌ಫೋನಿನಲ್ಲಿ ಲಯ ಹೇಳುವ ಕ್ಲಿಕ್ ಎಲ್ಲ ಇಟ್ಟು ಮಾಡಿ ಸಾವಿರ ಡಾಲರ್ ಚಿಲ್ಲರೆ ಹೋಗಿತ್ತು. ಪಿಯಾನೊದವರ ಕೈ ಕಾಣದೆ ತಾಳವಿಲ್ಲದ ಪೀಠಿಕೆಗೆ ಗಾಯಕಿ ತಡವಾಗಿ ಇಳಿಯುತ್ತಿದ್ದರು. ಕ್ಲಿಕ್ ಇಟ್ಟ ಮೇಲೆ ಸ್ವಿಂಗ್, ಅಂದರೆ ಜಾಝ್‌ನ ತೂಗಾಡುವ ನಡೆ, ಸತ್ತೇ ಹೋಯಿತು.

ಎಲ್ಲ ನಿಂತಿರುವುದು ಗಾಯಕಿಯ ಮುಂದಿನ ಫಿಗರ್-8 ರಿಬ್ಬನ್ ಮೈಕಿನ ಮೇಲೆ, ಅಂದರೆ ಮುಂದೆ, ಹಿಂದೆ ಎರಡೂ ಕಡೆ ಕೇಳುವ ಮೈಕು. ಅದರ ಎರಡು ಪಕ್ಕಗಳೂ ಕಿವುಡು. ಎಡಪಕ್ಕಕ್ಕೆ ಡ್ರಮ್, ಬಲಪಕ್ಕಕ್ಕೆ ಪಿಯಾನೊ, ಬಾಯಿಂದ ಮೈಕಿಗೆ 9–10 ಇಂಚು. ಇನ್ನೂ ಹತ್ತಿರ ಬಂದರೆ ದನಿ ಗುಂಯ್ಗುಡುತ್ತದೆ. ಬಾಸ್ ಮೈಕಿನ ಬೆನ್ನಿಗೆ ಎಂಟು ಅಡಿ ದೂರ. ಇಲ್ಲೇ ಅರ್ಧ ದಿನ ಹಾಳಾಯಿತು. ಬೆನ್ನಿನ ಕಡೆಯಿಂದ ಬರುವ ಸದ್ದಿನ ಪೊಲಾರಿಟಿ (ಅಲೆಯ ಏರಿಳಿತ) ತಿರುಗುಮುರುಗು, ಹಾಗಾಗಿ ಬಾಸ್‌ನ ಸ್ವಂತ ಮೈಕ್ ಸೇರಿಸಿದೊಡನೆ ಕೆಳಸ್ವರ ತೆಳ್ಳಗಾಗುತ್ತಿತ್ತು. ಬಾಸ್ ಚಾನೆಲ್‌ನ ಪೊಲಾರಿಟಿ ತಿರುಗಿಸಿ, ಆಮೇಲೆ ಬಾಸ್‌ನವರನ್ನು ಗೇಣುಗೇಣು ಸರಿಸುತ್ತಾ ತುಂಬಿಕೊಂಡ ಜಾಗಕ್ಕೆ ನೆಲದ ಮೇಲೆ ಟೇಪ್ ಅಂಟಿಸಿದೆ. ಮೈಕಿನ ಸದ್ದು ಹಿಗ್ಗಿಸುವ ಪ್ರೀಆಂಪ್ 60 ಡಿಬಿಗೂ ಮೇಲೆ, ಅಷ್ಟಕ್ಕೆ ಎಸಿಯ ಗುಂಯ್ ಕೂಡ ಕೇಳಿಸುತ್ತದೆ. ಎಸಿ ಆಫ್ ಮಾಡದೆ ಗತಿಯಿಲ್ಲ. ಸೆಕೆಗೆ ಸಂಜೆಯೊಳಗೆ ಪಿಯಾನೊ ಶ್ರುತಿ ಜಾರಿತು, ಟ್ಯೂನರ್‌ಗೆ ಎರಡು ಸಲ ದುಡ್ಡು, ಒಟ್ಟು 300ರ ಹತ್ತಿರ. ಪಿಯಾನೊ ಮುಚ್ಚಳದ ಕೆಳಗೆ ಏನಿಟ್ಟೆ ಅನ್ನೋದು ಮಾತ್ರ ಹೇಳಲ್ಲ.

ಚರ್ಚಿನ ಹಾಡುಪುಸ್ತಕದ ಶ್ರುತಿಯಲ್ಲೇ ಹಾಡಿಸಬೇಡಿ. 1818ರ 'ಸೈಲೆಂಟ್ ನೈಟ್' ಅನ್ನು ನಾಲ್ಕು ಸ್ವರ ಇಳಿಸಿದ ಮೇಲೇ ಮಾತಾಡಿದಂತೆ ಕೇಳಿಸಿದ್ದು. ಮೂರರ ತಾಳವನ್ನು ನಾಲ್ಕಕ್ಕೆ ಎಳೆದು ನೋಡಿದೆವು. ಸಾಲಿನ ಕೊನೆಯಲ್ಲಿ ಉಸಿರಿಗೆ ಜಾಗ ಸಿಗಲಿಲ್ಲ, ಬಿಟ್ಟೆವು.

ಕ್ರಿಸ್‌ಮಸ್ ಹಾಡಿಗೆ ಬೇಕಾದ, ಹಿಮದ ಮೇಲೆ ಎಳೆಯುವ ಜಾರುಬಂಡಿಯ ಗಂಟೆ ಸರ ಇನ್ನೊಂದು ತಲೆನೋವು: ಮೀಟರ್ ಸುಮ್ಮನಿದ್ದರೂ ಕಿವಿ ಚುಚ್ಚುತ್ತದೆ. ಮನೆಯಲ್ಲಿದ್ದ ಭರತನಾಟ್ಯದ ಗೆಜ್ಜೆಗೆ ಪಂಚೆ ಸುತ್ತಿ, ಆರಡಿ ದೂರದಿಂದ, ತೊಡೆಗೆ ಬಡಿದು ರೆಕಾರ್ಡ್ ಮಾಡಿದೆ. ಹಿತ್ತಾಳೆಯ ಮೆತ್ತನೆ ಸದ್ದು ಸರಿಯಾಗಿ ಕೂತಿತು. ಇಲ್ಲಿಯವರೆಗೆ ಯಾರೂ ಕಂಡುಹಿಡಿದಿಲ್ಲ.

ಹಕ್ಕಿನ ಲೆಕ್ಕ: 'ಜಿಂಗಲ್ ಬೆಲ್ಸ್' 1857ರದ್ದು, ಪುಕ್ಕಟೆ, ಆದರೆ ಈಚಿನವರ ಅರೇಂಜ್‌ಮೆಂಟ್ ಎತ್ತಿಕೊಂಡರೆ ಪುಕ್ಕಟೆಯಲ್ಲ. ಹಕ್ಕಿರುವ ಹಾಡಿಗೆ ಅದರ ಒಡೆಯರಿಗೆ ಕೊಡಬೇಕಾದ ದರ, ಅಮೆರಿಕದಲ್ಲಿ 2025ರಲ್ಲಿ, ಸಿಡಿಯೊಂದಕ್ಕೆ ಹಾಡಿಗೆ 12.7 ಸೆಂಟ್. ಅಂಥವು ಎರಡು, ಸಿಡಿ 300, ಅಂದರೆ 76 ಡಾಲರ್. 5 ನಿಮಿಷ ದಾಟಿದರೆ ದರ ನಿಮಿಷದ ಮೇಲೆ ಏರುತ್ತದೆ, ಅದಕ್ಕೇ ಎಲ್ಲವನ್ನೂ ನಾಲ್ಕೂವರೆ ನಿಮಿಷಕ್ಕೆ ಕಟ್ಟಿಹಾಕಿದೆ. ವಾದಕರಿಗೆ ತಲಾ 250. ಎಲ್ಲ ಸೇರಿ 1,500 ದಾಟಲಿಲ್ಲ ಅಂತ ನೆನಪು.

ಮಾಸ್ಟರ್, ಅಂದರೆ ಕೊನೆಯ ಪ್ರತಿ, -16 ಲಫ್ಸ್ (ಸದ್ದಿನ ಗಟ್ಟಿತನದ ಅಳತೆ) ಸುತ್ತ ಬಿಟ್ಟೆ. ಇನ್ನೂ ಗಟ್ಟಿಯಾಗಿ -14ಕ್ಕೆ ಹಿಂಡಿದ ಪ್ರತಿಯಲ್ಲಿ ಬ್ರಷ್‌ಗಳ ಸದ್ದು ದೋಸೆ ಹಂಚಿನ ಚುರ್ ಅನ್ನುವ ಹಾಗಿತ್ತು.