ಬೇಸಿಗೆಯ ಕೊತ್ತಂಬರಿ ಮನೆಯೊಳಗೇ: ಟ್ಯೂಬ್‌ಲೈಟ್ ಕೆಳಗೆ ಕಡಿಮೆ ಖರ್ಚಿನ ಸೊಪ್ಪು

ಏಪ್ರಿಲ್ ಬಂತೆಂದರೆ ಕಲಬುರಗಿಯ ಕಣ್ಣಿ ಮಾರ್ಕೆಟ್‌ನಲ್ಲಿ ಕೊತ್ತಂಬರಿ ಸೂಡು ಸಣ್ಣದಾಗುತ್ತದೆ, ಬೆಲೆ ದೊಡ್ಡದಾಗುತ್ತದೆ. ಬೆಳಿಗ್ಗೆ ಕೊಂಡದ್ದು ಮಧ್ಯಾಹ್ನಕ್ಕೆ ಬಾಡಿ ಕೂರುತ್ತದೆ. ತಾರಸಿಯ ಕುಂಡದಲ್ಲಿ ಬೆಳೆದುಕೊಳ್ಳೋಣವೆಂದರೆ 42 ಡಿಗ್ರಿ ದಾಟುವ ಬಿಸಿಲಿಗೆ ಬೀಜ ಮೇಲೇಳುವುದೇ ಕಷ್ಟ. ಎದ್ದರೂ ನಾಲ್ಕು ಎಲೆ ಬಿಡುವಷ್ಟರಲ್ಲಿ ದಂಟು ನೆಟ್ಟಗಾಗಿ ಹೂವಿಗೆ ಹೋಗುತ್ತದೆ. ಕೊತ್ತಂಬರಿ 18ರಿಂದ 27 ಡಿಗ್ರಿಯ ತಂಪಿನಲ್ಲಿ ನೆಮ್ಮದಿಯಾಗಿ ಬೆಳೆಯುವ ಗಿಡ. ಮಾರ್ಚ್‌ನಿಂದ ಮಳೆ ಬೀಳುವವರೆಗೆ ನಮ್ಮ ಭಾಗದಲ್ಲಿ ಅದರ ಹತ್ತಿರದ ತಂಪು ಸಿಗುವುದು ಮನೆಯೊಳಗೆ ಮಾತ್ರ. ಒಳಗೆ ಇಲ್ಲದಿರುವುದು ಬೆಳಕು. ಆದ್ದರಿಂದ ತಂಪನ್ನು ಮನೆಯಲ್ಲೇ ಹುಡುಕಿಕೊಳ್ಳಿ, ಕೈಯಲ್ಲಿರುವ ಹಣವನ್ನು ಬೆಳಕಿಗೆ ಹಾಕಿ. ಉಳಿದ ಸಾಮಾನುಗಳಲ್ಲಿ ಹೆಚ್ಚಿನವು ಮನೆಯಲ್ಲೇ ಸಿಗುತ್ತವೆ.

ಮೊದಲೇ ಒಂದು ಎಚ್ಚರಿಕೆ. ಒಳಾಂಗಣ ಬೆಳೆಯ ಬಗ್ಗೆ ಮೊಬೈಲಿನಲ್ಲಿ ಹುಡುಕಿದರೆ ಬರುವ ವಿದೇಶಿ ವಿಡಿಯೊಗಳಲ್ಲಿ ಬಹಳಷ್ಟು ಗಾಂಜಾ ಗಿಡಕ್ಕೆ ಸಂಬಂಧಿಸಿದವು. ನಮ್ಮಲ್ಲಿ 1985ರ ಮಾದಕ ವಸ್ತುಗಳ ಕಾಯ್ದೆಯ 20ನೇ ಕಲಮಿನಡಿ ಅನುಮತಿಯಿಲ್ಲದೆ ಗಾಂಜಾ ಗಿಡ ಬೆಳೆಸುವುದು ಅಪರಾಧ. ಅದು ಕುಂಡದಲ್ಲಿದ್ದರೂ ಅಷ್ಟೇ, ಹೊಲದಲ್ಲಿದ್ದರೂ ಅಷ್ಟೇ. ಹತ್ತು ವರ್ಷದವರೆಗೆ ಕಠಿಣ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಯಾರದೋ ಕುತೂಹಲದ ಮಾತಿಗೆ ಮರುಳಾಗಿ ಹುಡುಗರು ಬಾಳನ್ನು ಕೆಡಿಸಿಕೊಳ್ಳಬಾರದು. ಆ ವಿಡಿಯೊಗಳಲ್ಲಿ ತೋರಿಸುವ ಬೆಳ್ಳಿ ಬಣ್ಣದ ಡೇರೆ, ದುಬಾರಿ ನೇರಳೆ ದೀಪ, ಬಾಟಲಿಗಟ್ಟಲೆ ಪೋಷಕ ದ್ರಾವಣ ಇವು ಯಾವುವೂ ಸೊಪ್ಪಿಗೆ ಬೇಕಾಗಿಲ್ಲ. ಎರಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಕೆಲಸ ಆರಂಭಿಸಬಹುದು.

ಜಾಗ ಆರಿಸುವುದು

ಗೋಡೆಗೆ ತೂಗುಹಾಕುವ ಒಂದು ಸಾದಾ ಉಷ್ಣಮಾಪಕ ತನ್ನಿ. ಮನೆಯ ಬೇರೆ ಬೇರೆ ಕೋಣೆಗಳಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಮತ್ತು ಬೆಳಗಿನ ಜಾವಕ್ಕೆ ಅದು ಎಷ್ಟು ತೋರಿಸುತ್ತದೆಂದು ಬರೆದಿಟ್ಟುಕೊಳ್ಳಿ. ದಪ್ಪ ಗೋಡೆಯ ಹಳೆಯ ಮಾಳಿಗೆ ಮನೆಯವರು ಪುಣ್ಯವಂತರು. ಶಹಾಬಾದ್ ಫರಸಿ ಹಾಸಿದ ನೆಲವಿದ್ದರೆ ಇನ್ನೂ ಒಳ್ಳೆಯದು. ಆ ಕಲ್ಲು ರಾತ್ರಿ ಹೀರಿಕೊಂಡ ತಂಪನ್ನು ಮಧ್ಯಾಹ್ನದವರೆಗೂ ಹಿಡಿದಿಟ್ಟುಕೊಳ್ಳುತ್ತದೆ. ಕಾಂಕ್ರೀಟ್ ಚಾವಣಿಯ ಮೇಲಂತಸ್ತಿನ ಕೋಣೆ ಮಾತ್ರ ಬೇಡ. ಹಗಲಿಡೀ ಕಾದ ಸ್ಲ್ಯಾಬು ನಡುರಾತ್ರಿಯವರೆಗೂ ಝಳ ಬಿಡುತ್ತಲೇ ಇರುತ್ತದೆ.

ಮೂರು ಗಂಟೆಗೆ 30 ಡಿಗ್ರಿಯೊಳಗೆ ಇರುವ ಕೋಣೆಯಲ್ಲಿ ಕೊತ್ತಂಬರಿ ಬರುತ್ತದೆ. ಅದಕ್ಕಿಂತ ಎರಡು ಮೂರು ಡಿಗ್ರಿ ಹೆಚ್ಚಿದ್ದರೆ ಮೆಂತ್ಯ ಹಾಕಿ, ಅದು ಸ್ವಲ್ಪ ಸಹಿಸಿಕೊಳ್ಳುತ್ತದೆ. ಬೀದರ್ ಎತ್ತರದಲ್ಲಿರುವುದರಿಂದ ಅಲ್ಲಿನವರಿಗೆ ಈ ಲೆಕ್ಕ ತುಸು ಸುಲಭ. ಯಾದಗಿರಿಯವರು ಕೋಣೆಯನ್ನು ಜಾಗ್ರತೆಯಿಂದ ಆರಿಸಬೇಕು. ಕೂಲರ್ ಇರುವ ಕೋಣೆಯೂ ಆದೀತು. ನಮ್ಮ ಬೇಸಿಗೆಯ ಗಾಳಿ ಒಣಗಿದ್ದು, ಅದಕ್ಕೇ ಇಲ್ಲಿ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ, ಗಿಡಕ್ಕೆ ಬೇಕಾದ ತೇವವನ್ನೂ ಗಾಳಿಗೆ ಸೇರಿಸುತ್ತದೆ. ಆದರೆ ಅದರ ಗಾಳಿ ನೇರವಾಗಿ ಸಸಿಗೆ ಬಡಿಯಬಾರದು. ಯಾವ ಕೋಣೆಯೂ 35 ಡಿಗ್ರಿಗಿಂತ ಕೆಳಗೆ ಇಳಿಯದಿದ್ದರೆ ಈ ಸಾಹಸ ಬಿಟ್ಟು, ತಾರಸಿಯಲ್ಲಿ ನೆರಳುಬಲೆ ಕಟ್ಟಿ ಪುಂಡಿಪಲ್ಯ, ರಾಜಗಿರಿ ಹಾಕಿಕೊಳ್ಳಿ. ಅವು ಬಿಸಿಲ ನಾಡಿನವೇ.

ಬೆಳಕು

ನಮ್ಮ ಕಣ್ಣು ಬೆಳಕಿನ ವಿಷಯದಲ್ಲಿ ನಂಬಿಕೆಗೆ ಯೋಗ್ಯವಲ್ಲ. ದೀಪ ಹಚ್ಚಿದ ಕೋಣೆ ನಮಗೆ ಬೆಳಗಿದಂತೆಯೇ ಕಾಣುತ್ತದೆ, ಆದರೆ ಅಲ್ಲಿರುವುದು ಕೆಲವು ನೂರು ಲಕ್ಸ್ ಬೆಳಕು. ಲಕ್ಸ್ ಅಂದರೆ ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ. ಹೊರಗಿನ ನಡುಹಗಲಿನ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಸೊಪ್ಪಿಗೆ ದಿನಕ್ಕೆ 12 ಗಂಟೆ, ಹತ್ತರಿಂದ ಹನ್ನೆರಡು ಸಾವಿರ ಲಕ್ಸ್ ಸಿಕ್ಕರೆ ಸಾಕು. ಐದು ಸಾವಿರಕ್ಕಿಂತ ಕಡಿಮೆಯಾದರೆ ಸಸಿ ಬೆಳಕು ಹುಡುಕುತ್ತಾ ದಾರದಂತೆ ಉದ್ದಕ್ಕೆ ಬೆಳೆದು ಬಿದ್ದುಬಿಡುತ್ತದೆ. ಕಿಟಕಿಯ ಪಕ್ಕ ಕುಂಡ ಇಟ್ಟವರ ಸೊಪ್ಪು ಬಡಕಲಾಗುವುದು ಬಹುತೇಕ ಇದೇ ಕಾರಣಕ್ಕೆ, ಗೊಬ್ಬರ ಕಡಿಮೆಯಾಗಿ ಅಲ್ಲ. ಮೊಬೈಲಿಗೆ ಉಚಿತವಾಗಿ ಸಿಗುವ ಲಕ್ಸ್ ಅಳೆಯುವ ಆ್ಯಪ್ ಹಾಕಿಕೊಂಡು, ಫೋನನ್ನು ಸಸಿಯ ಎತ್ತರದಲ್ಲಿ ಮೇಲ್ಮುಖವಾಗಿ ಇಟ್ಟು ನೋಡಿ. ಅಂಕಿ ಕರಾರುವಾಕ್ಕಾಗಿರುವುದಿಲ್ಲ, ಆದರೆ ಎರಡು ಸಾವಿರಕ್ಕೂ ಹತ್ತು ಸಾವಿರಕ್ಕೂ ಇರುವ ಅಂತರವನ್ನು ಅದು ಖಂಡಿತ ತೋರಿಸುತ್ತದೆ.

ನಾಲ್ಕು ಅಡಿ ಉದ್ದ, ಒಂದು ಅಡಿ ಅಗಲದ ಒಂದು ಕಪಾಟಿನ ಅಂತಸ್ತಿಗೆ 20 ವ್ಯಾಟ್‌ನ ಮೂರು ಎಲ್‌ಇಡಿ ಟ್ಯೂಬ್ ಬೇಕು. ಪೆಟ್ಟಿಗೆಯ ಮೇಲೆ 6500 ಕೆಲ್ವಿನ್, ಅಂದರೆ ಕೂಲ್ ಡೇಲೈಟ್ ಎಂದಿರಲಿ. ಒಂದೊಂದೂ 2000 ಲ್ಯೂಮೆನ್‌ಗೆ ಕಡಿಮೆಯಿಲ್ಲದಂತೆ ನೋಡಿ ಆರಿಸಿ. ವ್ಯಾಟ್ ಅಂದರೆ ಅದು ತಿನ್ನುವ ವಿದ್ಯುತ್ತು, ಲ್ಯೂಮೆನ್ ಅಂದರೆ ಅದು ಕೊಡುವ ಬೆಳಕು. ನೀವು ಕೇಳಬೇಕಾದದ್ದು ಎರಡನೆಯದನ್ನು. ಇಂಥ ಟ್ಯೂಬ್ ಯಾವ ವಿದ್ಯುತ್ ಸಾಮಾನಿನ ಅಂಗಡಿಯಲ್ಲೂ ಇನ್ನೂರರಿಂದ ಮುನ್ನೂರು ರೂಪಾಯಿಗೆ ಸಿಗುತ್ತದೆ. ಬಿಳಿ ಬೆಳಕಿನಲ್ಲಿ ಗಿಡಕ್ಕೆ ಬೇಕಾದ ಕೆಂಪು, ನೀಲಿ ಎರಡೂ ಇವೆ. ನೇರಳೆ ದೀಪದಡಿ ಎಲೆಯ ನಿಜವಾದ ಬಣ್ಣ ಕಾಣದೆ, ಹಳದಿ ತಿರುಗಿದ್ದೂ ಗೊತ್ತಾಗದೆ ಹೋಗುತ್ತದೆ. ಹೊಸಬರಿಗೆ ಅದು ದೊಡ್ಡ ತೊಡಕು.

ಟ್ಯೂಬ್‌ಗಳನ್ನು ಸರಪಳಿಯಲ್ಲೋ ಗಟ್ಟಿ ಹಗ್ಗದಲ್ಲೋ ಇಳಿಬಿಡಿ, ಏರಿಸಿ ಇಳಿಸಲು ಬರುವಂತಿರಲಿ. ಸಸಿಯ ತುದಿಗೂ ದೀಪಕ್ಕೂ ಆರರಿಂದ ಎಂಟು ಅಂಗುಲ ಅಂತರ ಸಾಕು. ಎಲ್‌ಇಡಿಯ ಬಿಸಿ ಅಷ್ಟರಲ್ಲಿ ಎಲೆಯನ್ನು ಸುಡುವುದಿಲ್ಲ. ದೀಪವನ್ನು ಎರಡು ಅಡಿ ಮೇಲೆ ಕಟ್ಟಿದರೆ ಕೊಟ್ಟ ಹಣದ ಬೆಳಕಿನಲ್ಲಿ ಬಹುಪಾಲು ಕೋಣೆಗೆ ಹೋಗುತ್ತದೆ. ಕಪಾಟಿನ ಮೂರು ಬದಿಗೆ ಬಿಳಿ ಥರ್ಮೊಕೋಲ್ ಹಾಳೆ ನಿಲ್ಲಿಸಿದರೆ ಹೊರಗೆ ಹೋಗುವ ಬೆಳಕು ಮರಳಿ ಎಲೆಗೆ ಬೀಳುತ್ತದೆ. ಇದಕ್ಕೆ ಹೆಚ್ಚಿನ ಖರ್ಚಿಲ್ಲ, ಲಾಭ ಬಹಳ.

ಇನ್ನು ನಮ್ಮ ಸೀಮೆಗೆ ತಕ್ಕ ಒಂದು ಉಪಾಯ: ದೀಪವನ್ನು ಹಗಲು ಉರಿಸಬೇಡಿ, ಸಂಜೆ ಏಳರಿಂದ ಬೆಳಿಗ್ಗೆ ಏಳರವರೆಗೆ ಉರಿಸಿ. ಕೋಣೆಯೊಳಗಿನ ಗಿಡಕ್ಕೆ ನೀವು ಕೊಟ್ಟದ್ದೇ ಹಗಲು. ಅದು ಬೆಳಕಿನಲ್ಲಿ ದುಡಿಯುವ ಹೊತ್ತು ತಂಪಾದ ರಾತ್ರಿಗೆ ಹೊಂದಿಕೊಂಡರೆ, ಮಧ್ಯಾಹ್ನದ ಧಗೆಯಲ್ಲಿ ಅದು ಕತ್ತಲಲ್ಲಿ ವಿಶ್ರಮಿಸುತ್ತದೆ. ನೀರೂ ಕಡಿಮೆ ಆರುತ್ತದೆ. ಇದು ಸಾಧ್ಯವಾಗಬೇಕಾದರೆ ಹಗಲು ಆ ಮೂಲೆಗೆ ಪರದೆ ಎಳೆಯಬೇಕು. ಕೊತ್ತಂಬರಿಗೆ 12 ಗಂಟೆ ಮೀರಿಸಬೇಡಿ. ದೀರ್ಘ ಹಗಲು ಮತ್ತು ಸೆಖೆ, ಇವೆರಡೂ ಅದನ್ನು ಬೇಗ ಹೂವಿಗೆ ತಳ್ಳುತ್ತವೆ. ಮುನ್ನೂರು ನಾನೂರು ರೂಪಾಯಿಯ ಟೈಮರ್ ಹಾಕಿದರೆ ಮರೆವಿನ ಚಿಂತೆ ಇಲ್ಲ. ತಿರುಗಿಸುವ ಮಾದರಿಯ ಟೈಮರ್ ಕರೆಂಟು ಹೋದಾಗ ನಿಂತುಬಿಡುತ್ತದೆ, ಆದ್ದರಿಂದ ವಿದ್ಯುತ್ ಕಡಿತವಾದ ದಿನ ಅದರ ಗಂಟೆಯನ್ನು ಸರಿಪಡಿಸಿ.

ಬಿಲ್ಲಿನ ಲೆಕ್ಕ ಹೀಗೆ: 60 ವ್ಯಾಟ್, 12 ಗಂಟೆ ಎಂದರೆ ದಿನಕ್ಕೆ 0.72 ಯೂನಿಟ್, ತಿಂಗಳಿಗೆ ಹೆಚ್ಚೂಕಡಿಮೆ 22 ಯೂನಿಟ್. ನಿಮ್ಮ ಜೆಸ್ಕಾಂ ಬಿಲ್ಲಿನ ದರದಿಂದ ಗುಣಿಸಿಕೊಳ್ಳಿ. ಗೃಹಜ್ಯೋತಿ ಇರುವ ಮನೆಯವರು ತಮಗೆ ಮಂಜೂರಾದ ಯೂನಿಟ್ ಎಷ್ಟೆಂದು ಮೊದಲು ನೋಡಬೇಕು. ಎಲ್ಲರಿಗೂ ಪೂರ್ತಿ 200 ಯೂನಿಟ್ ಉಚಿತವಲ್ಲ, ಹಿಂದಿನ ಸರಾಸರಿ ಬಳಕೆಯ ಮೇಲೆ ಅದು ನಿಗದಿಯಾಗಿದೆ. ಮಿತಿ ದಾಟಿದ ಯೂನಿಟ್‌ಗಳಿಗೆ ಹಣ ಕಟ್ಟಬೇಕಾಗುತ್ತದೆ.

ನೀರು ಮತ್ತು ವಿದ್ಯುತ್ತು ಒಂದೇ ಕಪಾಟಿನಲ್ಲಿರುವುದನ್ನು ಹಗುರವಾಗಿ ಕಾಣಬಾರದು. ಎಕ್ಸ್‌ಟೆನ್ಷನ್ ಬೋರ್ಡನ್ನು ನೆಲದ ಮೇಲಾಗಲಿ, ತಟ್ಟೆಗಳ ಕೆಳಗಾಗಲಿ ಇಡದೆ ಗೋಡೆಗೆ ಎತ್ತರದಲ್ಲಿ ಕಟ್ಟಿ. ಕಬ್ಬಿಣದ ಕಪಾಟಾದರೆ ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್‌ಗೆ ತೋರಿಸಿ. ನೀರು ಹಾಕುವಾಗ ಸ್ವಿಚ್ ಆರಿಸಿ.

ಮಣ್ಣು ಮತ್ತು ತಟ್ಟೆ

ನಮ್ಮ ಹೊಲದ ಎರೆಮಣ್ಣು ತೊಗರಿಗೆ ಬಂಗಾರ, ತಟ್ಟೆಗೆ ಮಾತ್ರ ಬೇಡ. ಹಸಿಯಾದಾಗ ಉಬ್ಬಿ ಗಾಳಿಯಾಡದಂತೆ ಮುಚ್ಚಿಕೊಳ್ಳುತ್ತದೆ, ಒಣಗಿದಾಗ ಬಿರಿದು ಬೇರನ್ನು ಹರಿಯುತ್ತದೆ. ಎರಡು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಎರೆಹುಳು ಗೊಬ್ಬರ, ಒಂದು ಪಾಲು ಕೆಂಪು ಮಸಾರಿ ಮಣ್ಣು ಅಥವಾ ದಪ್ಪ ಮರಳು ಸೇರಿಸಿ. ಕೋಕೋಪೀಟ್ ಇಟ್ಟಿಗೆಯನ್ನು ನೆನೆಸಿ, ಹಿಂಡಿ, ಎರಡು ಬಾರಿ ಹೊಸ ನೀರಿನಲ್ಲಿ ತೊಳೆಯಿರಿ. ತೆಂಗಿನ ನಾರಿನಲ್ಲಿ ಉಪ್ಪಿನಂಶ ಉಳಿದಿರುತ್ತದೆ. ತಟ್ಟೆಗೆಂದು ಹೊಸದನ್ನು ಕೊಳ್ಳಬೇಕಾಗಿಲ್ಲ. ದ್ರಾಕ್ಷಿ, ಮಾವು ಬರುವ ಪ್ಲಾಸ್ಟಿಕ್ ಕ್ರೇಟಿಗೆ ಹಳೆಯ ಸೀರೆಯ ತುಂಡು ಹಾಸಿದರೆ ಆಯಿತು. ಮೆಂತ್ಯಕ್ಕೆ ನಾಲ್ಕು ಅಂಗುಲ ಆಳ ಸಾಕು, ಕೊತ್ತಂಬರಿಯ ತಾಯಿಬೇರು ಕೆಳಗಿಳಿಯುವುದರಿಂದ ಆರು ಅಂಗುಲ ಬೇಕು. ನೀರು ಬಸಿಯಲು ದಾರಿ ಇರಲೇಬೇಕು.

ಬೀಜ

ಅಡುಗೆಮನೆಯ ಮೆಂತ್ಯವೇ ಚೆನ್ನಾಗಿ ಮೊಳೆಯುತ್ತದೆ. ಕೊತ್ತಂಬರಿ ಕಾಳು ಹಳೆಯದಾದರೆ ಮೊಳೆಯುವುದಿಲ್ಲ, ಆದ್ದರಿಂದ ಹೊಸ ಮಾಲು ತನ್ನಿ. ಪ್ರತಿ ಕಾಳಿನಲ್ಲಿ ಎರಡು ಬೀಜಗಳಿರುತ್ತವೆ. ಫರಸಿಯ ಮೇಲೆ ಹರಡಿ ಚಪ್ಪಲಿಯಿಂದಲೋ ಲಟ್ಟಣಿಗೆಯಿಂದಲೋ ಮೆತ್ತಗೆ ಒತ್ತಿ, ಎರಡು ಹೋಳಾಗಲಿ, ಪುಡಿಯಾಗಬಾರದು. ಬೀಜದಂಗಡಿಯ ಪೊಟ್ಟಣದಲ್ಲಿ ಗುಲಾಬಿ ಅಥವಾ ನೀಲಿ ಬಣ್ಣ ಬಳಿದ ಬೀಜ ಬಂದರೆ ಅದಕ್ಕೆ ಔಷಧಿ ಹಚ್ಚಿರುತ್ತಾರೆ. ಅದನ್ನು ಮಕ್ಕಳ ಕೈಗೆ ಕೊಡಬೇಡಿ, ಮೊಳಕೆ ಕಾಳಿನಂತೆ ತಿನ್ನಲೂಬೇಡಿ.

ಎರಡನ್ನೂ ಒಂದು ರಾತ್ರಿ ನೆನೆಸಿಡಿ. ಕೊತ್ತಂಬರಿಯನ್ನು ಬಳಿಕ ಒದ್ದೆ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ, ಕುಡಿಯುವ ನೀರಿನ ಹರವಿಗೆ ತಾಗಿಸಿ ಇಡಿ. ಮಣ್ಣಿನ ಹರವಿಯ ಸುತ್ತ ಯಾವಾಗಲೂ ತಂಪಿರುತ್ತದೆ, 30 ಡಿಗ್ರಿ ಮೀರಿದರೆ ಹಟ ಹಿಡಿಯುವ ಬೀಜಕ್ಕೆ ಅದು ಹೇಳಿ ಮಾಡಿಸಿದ ಜಾಗ. ಬಟ್ಟೆ ಒಣಗದಂತೆ ನೋಡಿಕೊಂಡು, ಬಿಳಿ ತುದಿ ಕಾಣಿಸಿದೊಡನೆ ತಟ್ಟೆಗೆ ಬಿತ್ತಿ. ಒಂದು ಚದರ ಅಡಿಗೆ ಎರಡು ಸಣ್ಣ ಚಮಚ ಮೆಂತ್ಯ; ಕೊತ್ತಂಬರಿ ಅದರ ಅರ್ಧದಷ್ಟಿರಲಿ. ಮೇಲೆ ಅರ್ಧ ಅಂಗುಲ ಮಣ್ಣಿನ ಮಿಶ್ರಣ ಉದುರಿಸಿ, ಒದ್ದೆ ಗೋಣಿತಟ್ಟು ಹೊದಿಸಿ. ಮೊದಲ ಹಸಿರು ಕಂಡ ದಿನವೇ ಗೋಣಿ ತೆಗೆದು ದೀಪದಡಿಗೆ ಇಡಬೇಕು. ಒಂದು ದಿನ ತಡವಾದರೂ ಸಸಿ ಸೊರಗಿ ಉದ್ದವಾಗುತ್ತದೆ.

ನೀರು

ಬೋರ್‌ವೆಲ್ ನೀರು ಆರಿದ ಬಕೆಟ್ಟಿನಲ್ಲಿ ಬಿಳಿ ಪದರ ಬಿಡುತ್ತದೆಯಲ್ಲ, ಅದೇ ಪದರ ತಟ್ಟೆಯಲ್ಲೂ ಸೇರುತ್ತಾ ಹೋಗುತ್ತದೆ. ಹೊಲದಲ್ಲಿ ಮಳೆ ಬಂದು ತೊಳೆಯುತ್ತದೆ, ಕೋಣೆಯೊಳಗೆ ತೊಳೆಯುವವರು ನಾವೇ. ಎಲೆಯ ಅಂಚು ಕಂದಾಗಿ ಸುಟ್ಟಂತಾದರೆ ಹೆಚ್ಚಿನ ಸಲ ಕಾರಣ ಈ ಉಪ್ಪು. ನಲ್ಲಿ ನೀರು ಸಿಹಿಯಿದ್ದರೆ ಅದನ್ನೇ ಬಳಸಿ. ಎಸಿಯಿಂದ ತೊಟ್ಟಿಕ್ಕುವ ನೀರಿನಲ್ಲಿ ಲವಣ ಇಲ್ಲವೆನ್ನುವಷ್ಟು ಕಡಿಮೆ, ಸವಳು ನೀರಿನ ಜೊತೆ ಬೆರೆಸಲು ಅದು ಒಳ್ಳೆಯದು. ಆರ್‌ಒ ಯಂತ್ರ ಹೊರಗೆ ಬಿಡುವ ನೀರನ್ನು ಉಳಿತಾಯವೆಂದು ಗಿಡಕ್ಕೆ ಹಾಕುವವರಿದ್ದಾರೆ. ಯಂತ್ರ ಬೇರ್ಪಡಿಸಿದ ಲವಣವೆಲ್ಲ ಇರುವುದು ಅದರಲ್ಲೇ. ಅದು ನೆಲ ಒರೆಸಲು ಇರಲಿ. ಕೂಲರ್ ತೊಟ್ಟಿಯ ತಳದ ನೀರೂ ಹಾಗೆಯೇ.

ಬೆರಳನ್ನು ಒಂದು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ಒಣಗಿದೆ ಅನ್ನಿಸಿದರೆ ಮಾತ್ರ ನೀರು ಕೊಡಿ. ಹತ್ತು ದಿನಕ್ಕೊಮ್ಮೆ ಕೆಳಗಿನಿಂದ ಧಾರಾಳವಾಗಿ ಬಸಿಯುವವರೆಗೆ ಹಾಕಿ, ಬಸಿದದ್ದನ್ನು ಚೆಲ್ಲಿ. ಸಸಿ ಬುಡದಲ್ಲಿ ಕೊಳೆತು ಮಲಗಿದರೆ ನೀರು ಹೆಚ್ಚಾಗಿದೆ, ಗಾಳಿ ಕಡಿಮೆಯಾಗಿದೆ ಎಂದೇ ಅರ್ಥ. ಸಣ್ಣ ಟೇಬಲ್ ಫ್ಯಾನನ್ನು ಗೋಡೆಯತ್ತ ತಿರುಗಿಸಿ, ಎಲೆ ಅಲ್ಲಾಡುವಷ್ಟು ಗಾಳಿ ಬರಲಿ. ಮಣ್ಣಿನ ಮೇಲೆ ಪುಟ್ಟ ಕಪ್ಪು ನೊಣ ಹಾರತೊಡಗಿದರೂ ಇದೇ ಮದ್ದು, ಜೊತೆಗೆ ಮೇಲ್ಮಣ್ಣು ಎರಡು ದಿನ ಒಣಗಲು ಬಿಡಿ.

ಗೊಬ್ಬರದ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಮೆಂತ್ಯಕ್ಕೆ ಎರೆಹುಳು ಗೊಬ್ಬರವೇ ಸಾಕು. ಕೊತ್ತಂಬರಿ ಮೂರನೇ ವಾರಕ್ಕೆ ಪೇಲವವಾದರೆ ನೀರಿನಲ್ಲಿ ಕರಗುವ 19:19:19 ಗೊಬ್ಬರವನ್ನು (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮನಾಗಿರುವುದು) ಲೀಟರಿಗೆ ಒಂದು ಗ್ರಾಂನಂತೆ ವಾರಕ್ಕೊಮ್ಮೆ ಕೊಡಿ. ಎಳೆಯ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಕಬ್ಬಿಣದ ಕೊರತೆ. ಗಡಸು ನೀರಿನ ಊರುಗಳಲ್ಲಿ ಇದು ಸಾಮಾನ್ಯ. ಕಲಬುರಗಿ, ಬೀದರ್‌ನವರಿಗೆ ಅಲ್ಲಿನ ಕೃಷಿ ವಿಜ್ಞಾನ ಕೇಂದ್ರಗಳಿವೆ, ಯಾದಗಿರಿಯವರಿಗೆ ಕವಡಿಮಟ್ಟಿಯಲ್ಲಿದೆ. ಬಾಡಿದ ಎಲೆಯ ಮಾದರಿ ಒಯ್ದು ಅಲ್ಲಿನ ವಿಜ್ಞಾನಿಗಳನ್ನು ಕೇಳಲು ಹಿಂಜರಿಯಬೇಡಿ.

ಕೊಯ್ಲು

ಹೊಸಬರು ಮೆಂತ್ಯದಿಂದಲೇ ಆರಂಭಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಮೂರರಿಂದ ಐದು ದಿನಕ್ಕೆ ಮೊಳೆಯುತ್ತದೆ, 20ರಿಂದ 25 ದಿನಕ್ಕೆ ಪಲ್ಯಕ್ಕೆ ಬರುತ್ತದೆ. ತಪ್ಪಿದ್ದರೆ ಎಲ್ಲಿ ತಪ್ಪಿತೆಂದು ತಿಂಗಳೊಳಗೆ ಗೊತ್ತಾಗುತ್ತದೆ. ಕೊತ್ತಂಬರಿಗೆ 40 ದಿನದ ತಾಳ್ಮೆ ಬೇಕು. ಕತ್ತರಿಯಿಂದ ಹೊರಗಿನ ಎಲೆಗಳನ್ನು ಮಾತ್ರ ಕತ್ತರಿಸಿ ಒಳಗಿನ ಸುಳಿ ಉಳಿಸಿದರೆ ಎರಡನೇ ಬಾರಿಯೂ ಸಿಗುತ್ತದೆ. ದಂಟು ಎದ್ದು ಎಲೆ ದಾರದಂತೆ ಸಣ್ಣಗಾದರೆ ಮತ್ತೆ ಕಾಯುವುದು ಬೇಡ, ಕಿತ್ತು ಚಟ್ನಿಗೆ ಹಾಕಿ. ನಾಲ್ಕು ಅಡಿಯ ಅಂತಸ್ತನ್ನು ನಾಲ್ಕು ಭಾಗ ಮಾಡಿ ವಾರಕ್ಕೊಂದು ಭಾಗ ಬಿತ್ತುತ್ತಾ ಹೋದರೆ ಒಂದೇ ಸಲ ರಾಶಿ ಬಂದು ಬಾಡುವ ಬದಲು, ವಾರವಾರ ಸಾರಿಗೆ ಬೇಕಾದಷ್ಟು ಎಳೆಸೊಪ್ಪು ಸಿಗುತ್ತದೆ.

ಕೊಯ್ಲಾದ ಮಿಶ್ರಣವನ್ನು ಎಸೆಯಬೇಡಿ. ಬೇರು ಆರಿಸಿ, ಎರಡು ದಿನ ತಾರಸಿಯ ಬಿಸಿಲಿಗೆ ತೆಳ್ಳಗೆ ಹರಡಿ, ನಾಲ್ಕನೇ ಒಂದು ಪಾಲು ಹೊಸ ಎರೆಹುಳು ಗೊಬ್ಬರ ಸೇರಿಸಿದರೆ ಮತ್ತೆ ಬಿತ್ತಬಹುದು. ಮಳೆ ಹಿಡಿದ ಮೇಲೆ ಕೋಣೆಯಲ್ಲಿ ತೇವ ಹೆಚ್ಚಿ ಬೂಷ್ಟು ಬರತೊಡಗುತ್ತದೆ, ಆಗ ನೀರನ್ನು ಅರ್ಧಕ್ಕೆ ಇಳಿಸಿ. ನವೆಂಬರ್‌ನಿಂದ ಫೆಬ್ರುವರಿವರೆಗೆ ದೀಪ ಬಿಚ್ಚಿಟ್ಟು ತಟ್ಟೆಗಳನ್ನು ತಾರಸಿಗೆ ಒಯ್ಯಿರಿ. ಆ ನಾಲ್ಕು ತಿಂಗಳು ನಮ್ಮ ಬಿಸಿಲೇ ಕೊತ್ತಂಬರಿಗೆ ಬೇಕಾದಷ್ಟು ಹದವಾಗಿರುತ್ತದೆ, ಕರೆಂಟಿಗೆ ಒಂದು ಪೈಸೆಯೂ ಸುರಿಯಬೇಕಾಗಿಲ್ಲ.