ಪ್ಯಾನೆಲ್ ಎರಡೂವರೆ ಪಟ್ಟು, ಚಾರ್ಜು ಒಂದೂವರೆ ಪಟ್ಟು

ನಮ್ಮ ಮನೆ ಇರುವುದು ಶಿರಸಿ–ಕುಮಟಾ ರಸ್ತೆಯಲ್ಲಿ, ದೇವಿಮನೆ ಘಟ್ಟಕ್ಕಿಂತ ಸ್ವಲ್ಪ ಈಚೆ. ಮಳೆಗಾಲದಲ್ಲಿ ಲೈನಿನ ಮೇಲೆ ಒಂದು ಮರ ಬಿತ್ತು ಅಂದರೆ ಎರಡು ದಿನ ಕತ್ತಲೆ. ಅದಕ್ಕೇ 150 ಎಎಚ್‌ನ ಒಂದು ಟ್ಯೂಬುಲರ್ ಬ್ಯಾಟರಿ, 12 ವೋಲ್ಟಿನ ಇನ್ವರ್ಟರ್, ಕೊಟ್ಟಿಗೆಯ ಮಾಡಿನ ಮೇಲೆ 100 ವ್ಯಾಟಿನ ಸೋಲಾರ್ ಪ್ಯಾನೆಲ್ ಇಟ್ಟುಕೊಂಡಿದ್ದೆ. ನಡುವೆ ಬ್ಯಾಟರಿಗೆ ಹೋಗುವ ಚಾರ್ಜನ್ನು ಹದ್ದುಬಸ್ತಿನಲ್ಲಿಡುವ ಕಂಟ್ರೋಲರ್, ಪಿಡಬ್ಲ್ಯೂಎಂ ಅನ್ನುವ ಸಾದಾ ಬಗೆಯದು. ಮಧ್ಯಾಹ್ನದ ಒಳ್ಳೆ ಬಿಸಿಲಿಗೆ ಐದೂವರೆ ಆಂಪ್ಸ್ ಬರುತ್ತಿತ್ತು.

ಇದು ಸಾಲುವುದಿಲ್ಲ ಅಂತ 250 ವ್ಯಾಟಿನ ಪ್ಯಾನೆಲ್ ತಂದೆ. ವ್ಯಾಟಿನ ಲೆಕ್ಕದಲ್ಲಿ ಸಣ್ಣ ಪ್ಯಾನೆಲ್‌ಗಿಂತ ಅಗ್ಗವೇ ಬಿತ್ತು. ಹಳೆಯದನ್ನು ಇಳಿಸಿ, ಅದೇ ವೈರಿಗೆ ಹೊಸದನ್ನು ಜೋಡಿಸಿದೆ. ಹದಿಮೂರು ಹದಿನಾಲ್ಕು ಆಂಪ್ಸ್ ಬರಬೇಕು ಅಲ್ವಾ? ಕ್ಲಾಂಪ್ ಮೀಟರ್ ಹಿಡಿದರೆ ಬರೀ 8.

ಅಂಗಡಿಯವನು ಮೋಸ ಮಾಡಿದ ಅಂತ ಒಂದು ವಾರ ಸಿಟ್ಟು ಮಾಡಿಕೊಂಡು ಕೂತಿದ್ದೆ. ಆಮೇಲೆ ಪ್ಯಾನೆಲ್ ಬೆನ್ನಿನ ಸ್ಟಿಕ್ಕರ್ ಓದಿದೆ. ಮೊದಲೇ ಓದಬೇಕಿತ್ತು. ವಿಎಂಪಿ, ಅಂದರೆ ಪ್ಯಾನೆಲ್ ಪೂರ್ತಿ ದುಡಿಯುವಾಗಿನ ವೋಲ್ಟ್, 30.4; ಐಎಂಪಿ, ಆಗಿನ ಕರೆಂಟ್, 8.2 ಆಂಪ್ಸ್. ಎರಡನ್ನೂ ಗುಣಿಸಿದರೆ 250. ಅಂದರೆ ಈ ಪ್ಯಾನೆಲ್ ಎಷ್ಟೇ ಬಿಸಿಲಿದ್ದರೂ ಎಂಟು ಚಿಲ್ಲರೆ ಆಂಪ್ಸ್ ಕೊಡುವಂಥದ್ದೇ. ಪಿಡಬ್ಲ್ಯೂಎಂ ಅಂದರೆ ಒಂದು ಸ್ವಿಚ್ ಅಷ್ಟೆ. ಅದು ಪ್ಯಾನೆಲನ್ನು ನೇರ ಬ್ಯಾಟರಿಗೆ ಕಟ್ಟುತ್ತದೆ, ಪ್ಯಾನೆಲ್ ಬ್ಯಾಟರಿಯ ವೋಲ್ಟಿಗೇ ಇಳಿದು ಕೂರುತ್ತದೆ. 13 ವೋಲ್ಟಿಗೆ 8 ಆಂಪ್ಸ್, ಅಂದರೆ 104 ವ್ಯಾಟ್. ಉಳಿದದ್ದು ಪ್ಯಾನೆಲ್ ಮೈಯಲ್ಲೇ ಬಿಸಿಯಾಗಿ ಹೋಯಿತು. ನನ್ನ ಹಳೇ ಪ್ಯಾನೆಲ್ 36 ಸೆಲ್ಲಿನದು, ವಿಎಂಪಿ 18. 12 ವೋಲ್ಟ್ ಬ್ಯಾಟರಿಗೆ ಅಂತಲೇ ಮಾಡಿದ್ದು. ಹೊಸದು 60 ಸೆಲ್ಲಿನದು.

ಆದರೆ ಒಂದು ವಿಚಿತ್ರ. ಕೊಟ್ಟಿಗೆ ಪಕ್ಕದ ಅಡಿಕೆ ಮರದ ನೆರಳು ಮೂರೂವರೆಗೆ ಪ್ಯಾನೆಲ್ ಮೇಲೆ ಬರುತ್ತದೆ. ಹಳೇ ಪ್ಯಾನೆಲ್ ಇದ್ದಾಗ ಅಷ್ಟು ಹೊತ್ತಿಗೆ ಚಾರ್ಜಿಂಗ್ ಸತ್ತೇ ಹೋಗುತ್ತಿತ್ತು. ಹೊಸದಕ್ಕೆ ನೆರಳು ಬಿದ್ದರೂ ಆಂಪ್ಸ್ ಹೆಚ್ಚೇನೂ ಇಳಿಯಲಿಲ್ಲ. ಕಾರಣ ಬೈಪಾಸ್ ಡಯೋಡ್, ನೆರಳಾದ ಸೆಲ್ಲುಗಳನ್ನು ಬಿಟ್ಟು ಕರೆಂಟ್ ದಾಟಿಸುವ ಪುಟ್ಟ ಭಾಗ. 60 ಸೆಲ್ಲಿನ ಪ್ಯಾನೆಲ್‌ನಲ್ಲಿ ಇಪ್ಪತ್ತಿಪ್ಪತ್ತು ಸೆಲ್ಲಿನ ಮೂರು ಸಾಲು. ಒಂದಕ್ಕೆ ನೆರಳಾದರೆ ಅದನ್ನು ಬಿಟ್ಟು ಉಳಿದೆರಡು ದುಡಿಯುತ್ತವೆ, 20 ವೋಲ್ಟ್ ಉಳಿಯುತ್ತದೆ. 12ರ ಬ್ಯಾಟರಿಗೆ ಅದು ಧಾರಾಳ. ಹಳೆಯದರಲ್ಲಿ ಅರ್ಧ ಹೋದರೆ ಉಳಿಯುವುದೇ 9 ವೋಲ್ಟ್, ಅದು ಬ್ಯಾಟರಿಗೆ ಏರುವುದಾದರೂ ಹೇಗೆ?

ಕುಮಟಾದ ಭಾವ ಬಂದಾಗ ಇದನ್ನೆಲ್ಲ ಹೇಳಿದೆ. "ಇಷ್ಟೇ ಅಲ್ದಾ ಭಾವ, ಇನ್ನೊಂದು ಬ್ಯಾಟರಿ ಸೀರೀಸ್ ಹಾಕು, 24 ಆಗ್ತು, ನಿನ್ನ ಪ್ಯಾನೆಲ್ 30 ಇದ್ದಲ" ಅಂದ. ಲೆಕ್ಕ ಸರಿಯೇ ಅನಿಸಿತು. ಇನ್ವರ್ಟರ್ ಕೂಡ 24ರದ್ದು ಬೇಕಾಗುತ್ತದೆ, ಅದಕ್ಕೆ ದುಡ್ಡು ಹಾಕುವ ಮೊದಲು ನೋಡೋಣ ಅಂತ ಅವನದೇ ಬ್ಯಾಟರಿ ಎರಡು ದಿನಕ್ಕೆ ತಂದು, ಇನ್ವರ್ಟರ್ ಬಿಚ್ಚಿಟ್ಟು, ಬರೀ ಚಾರ್ಜಿಂಗ್ ನೋಡಿದೆ. ಕಂಟ್ರೋಲರ್ 12ಕ್ಕೂ 24ಕ್ಕೂ ಆಗುವಂಥದ್ದು.

ಆಗ ಏಪ್ರಿಲ್. ಮಾಡಿನ ತಗಡು ಮುಟ್ಟಿದರೆ ಕೈ ಸುಡುತ್ತಿತ್ತು. ಸ್ಟಿಕ್ಕರಿನ 30.4 ವೋಲ್ಟ್ ಸೆಲ್ 25 ಡಿಗ್ರಿ ಇದ್ದಾಗಿನ ಮಾತು. ಬಿಸಿಲಿಗೆ ಸೆಲ್ 60 ಡಿಗ್ರಿ ಮುಟ್ಟಿತು ಅಂದರೆ, ಡಿಗ್ರಿಗೆ ಸುಮಾರು 0.4 ಶೇಕಡಾದಂತೆ ಇಳಿದು 26ರ ಹತ್ತಿರ ಬರುತ್ತದೆ. 24ರ ಬ್ಯಾಟರಿ ಪೂರ್ತಿ ತುಂಬಲು 28.8 ಬೇಕು. ಬೆಳಿಗ್ಗೆ ಚೆನ್ನಾಗಿಯೇ ಹೋಗುತ್ತಿತ್ತು. ಬ್ಯಾಟರಿ 28ರ ಹತ್ತಿರ ಬಂದಾಗ, ಅದೂ ನಡು ಮಧ್ಯಾಹ್ನ, 6 ಆಂಪ್ಸ್‌ಗಿಂತ ಕೆಳಗೆ ಬಂತು. ಮೂರೂವರೆಗೆ ಮರದ ನೆರಳು ಬಂತು, ಮೀಟರ್ ಸೊನ್ನೆ. 20 ವೋಲ್ಟ್ ಇಲ್ಲಿ ಯಾವ ಲೆಕ್ಕಕ್ಕೂ ಇಲ್ಲ. ಎರಡು ದಿನ ಕಳೆದರೂ, ಬ್ಯಾಟರಿಯ ಆಸಿಡ್ ನೋಡಿ ಚಾರ್ಜು ತಿಳಿಸುವ ಹೈಡ್ರೋಮೀಟರ್ ಹಸಿರು ಗೆರೆ ಮುಟ್ಟಲಿಲ್ಲ. ಭಾವನ ಬ್ಯಾಟರಿ ವಾಪಸ್ ಹೋಯಿತು.

ಪಿಡಬ್ಲ್ಯೂಎಂ ಹಾಕುವುದಾದರೆ 12ಕ್ಕೆ 36 ಸೆಲ್, 24ಕ್ಕೆ 72 ಸೆಲ್. 60 ಸೆಲ್ಲಿನದು ಎರಡರ ನಡುವೆ ಸಿಕ್ಕಿಬಿದ್ದದ್ದು. ಅದಕ್ಕೆ ಎಂಪಿಪಿಟಿ ಕಂಟ್ರೋಲರೇ ಬೇಕು. ಇದು ಪ್ಯಾನೆಲನ್ನು ಅದರದೇ ವೋಲ್ಟಿನಲ್ಲಿ ದುಡಿಸಿ, ಹೆಚ್ಚಿನ ವೋಲ್ಟನ್ನು ಆಂಪ್ಸ್ ಮಾಡಿ ಬ್ಯಾಟರಿಗೆ ಕಳಿಸುತ್ತದೆ. ದುಡ್ಡು ಜಾಸ್ತಿ, ನಿಜ. ಅಗ್ಗದ ಕೆಲವು ಡಬ್ಬಿಗಳ ಮೇಲೆ ಸುಮ್ನೆ ಎಂಪಿಪಿಟಿ ಅಂತ ಅಚ್ಚು ಹಾಕಿರುತ್ತಾರೆ, ಒಳಗಿರುವುದು ಪಿಡಬ್ಲ್ಯೂಎಂ. ಅರ್ಧ ಖಾಲಿಯಾದ ಬ್ಯಾಟರಿಗೆ ಹಾಕಿ, ಪ್ಯಾನೆಲ್ ವೈರಿಗೂ ಬ್ಯಾಟರಿ ವೈರಿಗೂ ಮೀಟರ್ ಹಿಡಿದು ನೋಡಿ. ಎರಡೂ ಕಡೆ ಒಂದೇ ಆಂಪ್ಸ್ ಬಂದರೆ ವಾಪಸ್ ಕೊಡಿ.

ನಾನು ತಂದದ್ದು ಪ್ಯಾನೆಲ್ ಕಡೆ 100 ವೋಲ್ಟ್ ತನಕ ತಡೆಯುವ, ಬ್ಯಾಟರಿಗೆ 20 ಆಂಪ್ಸ್ ತನಕ ಕೊಡುವಂಥದ್ದು. ಆ 100ನ್ನು ವಿಎಂಪಿ ಜೊತೆ ಅಲ್ಲ, ವಿಓಸಿ, ಅಂದರೆ ಪ್ಯಾನೆಲ್‌ಗೆ ಏನೂ ಜೋಡಿಸದೆ ಬಿಟ್ಟಾಗಿನ ವೋಲ್ಟ್ ಜೊತೆ ಹೋಲಿಸಬೇಕು. ನನ್ನದರ ವಿಓಸಿ 37.6. ಮುಂದೆ ಇನ್ನೊಂದು ಪ್ಯಾನೆಲ್ ಸೀರೀಸ್ ಹಾಕಿದರೂ 75, ಚಳಿಗಾಲದ ಬೆಳಿಗ್ಗೆ ಇನ್ನೂ ನಾಲ್ಕೈದು ಏರೀತು, ಅಡ್ಡಿಯಿಲ್ಲ. ಆಗ 20 ಆಂಪ್ಸ್ ಮಾತ್ರ ಸಾಲುವುದಿಲ್ಲ. ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಉಲ್ಟಾ.

ಮೊದಲ ದಿನ ಮಧ್ಯಾಹ್ನ ಪ್ಯಾನೆಲ್ ಕಡೆ 26 ವೋಲ್ಟ್, 8 ಆಂಪ್ಸ್. ಬ್ಯಾಟರಿ ಕಡೆ ಹದಿನಾಲ್ಕೂವರೆ ಆಂಪ್ಸ್. 150 ಎಎಚ್ ಬ್ಯಾಟರಿಗೆ ಹಿತವಾದ ಚಾರ್ಜು ಅದರ ಹತ್ತರಲ್ಲೊಂದು ಪಾಲು, ಅಂದರೆ 15 ಆಂಪ್ಸ್, ಹಾಗಾಗಿ ಅದಕ್ಕೂ ಸುಖ. ಮೂರೂವರೆಯ ನೆರಳಿಗೆ ಮಾತ್ರ ಈಗ ಚಾರ್ಜು ಇಳಿಯುತ್ತದೆ, ಸಾಯುವುದಿಲ್ಲ.

ಮಳೆಗಾಲದ್ದೇ ಬೇರೆ ಕತೆ. ಮೋಡ ಕವಿದರೆ ವೋಲ್ಟ್ ಅಷ್ಟೇನೂ ಇಳಿಯುವುದಿಲ್ಲ, ಪ್ಯಾನೆಲ್ ತಣ್ಣಗಿರುತ್ತದಲ್ಲ. ಸೊರಗುವುದು ಆಂಪ್ಸ್. ಜುಲೈನ ಒಂದು ಮಧ್ಯಾಹ್ನ ಪ್ಯಾನೆಲ್ ಕಡೆ ಒಂದೂವರೆ, ಬ್ಯಾಟರಿ ಕಡೆ ಮೂರು ಇತ್ತು. ರಾತ್ರಿ ನಾಲ್ಕು ಬಲ್ಬು, ಒಂದು ಫ್ಯಾನ್, ಮೊಬೈಲುಗಳಿಗೆ ತೊಂದರೆಯಿಲ್ಲ. ಆಯಿ ಮಾತ್ರ ಮಿಕ್ಸರ್ ಹಾಕ್ಲಾ ಅಂತ ದಿನಾ ಕೇಳುತ್ತಾಳೆ.