'ಅಟ್ ದಿ ಎಂಡ್ ಆಫ್ ಮೈ ರೋಪ್': ಎಲ್ಲಿ ಬಳಸಬೇಕು, ಎಲ್ಲಿ ಬೇಡ

ಧಾರವಾಡದಲ್ಲಿ ಪರೀಕ್ಷೆಗೆ ಓದುವವರ ಹತ್ತಿರ ಇಂಗ್ಲಿಷ್ ನುಡಿಗಟ್ಟುಗಳ ಉದ್ದನೆ ಪಟ್ಟಿ ಇದ್ದೇ ಇರುತ್ತದೆ. ಅದರಲ್ಲಿ 'ಅಟ್ ದಿ ಎಂಡ್ ಆಫ್ ಮೈ ರೋಪ್' ಬಂದಾಗ ನನ್ನ ರೂಮ್‌ಮೇಟ್ ಮುಂದೆ 'ನೇಣು' ಅಂತ ಬರೆದುಬಿಟ್ಟಿದ್ದ. ನೇಣಿಗೂ ಇದಕ್ಕೂ ಸಂಬಂಧವೇ ಇಲ್ಲ, ಇದು ದನ ಕಟ್ಟುವ ಹಗ್ಗ.

ಹಾವೇರಿ ಕಡೆ ಬದುವಿನ ಮೇಲೆ ಗೂಟ ಹೊಡೆದು ಎಮ್ಮೆ ಕಟ್ಟುತ್ತೇವಲ್ಲ, ಅದನ್ನು ನೆನಪು ಮಾಡಿಕೊಳ್ಳಿ. ಮಧ್ಯಾಹ್ನದ ಹೊತ್ತಿಗೆ ಕಣ್ಣಿ ಎಟುಕುವಷ್ಟು ದೂರದ ಹುಲ್ಲೆಲ್ಲ ಖಾಲಿ, ಮೊಳ ಆಚೆ ಹಸಿರು ಕಾಣುತ್ತಿದ್ದರೂ ಪಾಪ ಕತ್ತು ಚಾಚಿ ನಿಂತಿರುತ್ತದೆ. ಬ್ರಿಟಿಷರು 'ರೋಪ್' ಬದಲು 'ಟೆದರ್' ಅಂತಾರೆ. ಟೆದರ್ ಅಂದ್ರೆ ಕಣ್ಣಿಯೇ. ಅರ್ಥ ಎರಡಕ್ಕೂ ಒಂದೇ: ಮಾಡೋದನ್ನೆಲ್ಲ ಮಾಡಿ ಆಯ್ತು, ತಾಳ್ಮೆಯೋ ಶಕ್ತಿಯೋ ದುಡ್ಡೋ ಮುಗೀತು, ಮುಂದೆ ದಾರಿ ಕಾಣ್ತಿಲ್ಲ. ನಮ್ಮ ಕಡೆಯ 'ಸಾಕ್ ಸಾಕಾಗಿ ಹೋಗೈತಿ' ಇದಕ್ಕೆ ಹತ್ತಿರ.

ಬಳಸುವಾಗ ಒಂದು ಲೆಕ್ಕ ಇಟ್ಟುಕೊಳ್ಳಿ, ಹಿಂದೆ ಒಂದಷ್ಟು ದಿನದ ಪಾಡು ಇರಬೇಕು. ಬ್ಯಾಡಗಿ ಮೆಣಸಿನಕಾಯಿಗೆ ಮೂರು ಸಲ ಔಷಧಿ ಹೊಡೆದರೂ ಎಲೆ ಮುರುಟೋದು ನಿಂತಿಲ್ಲ, ಗೊಬ್ಬರದಂಗಡಿಯಲ್ಲಿ ಇನ್ನು ಉದ್ರಿ ಕೊಡೋದಿಲ್ಲ ಅಂದಿದ್ದಾರೆ, ಆಗ ಆ ರೈತ ಈ ಮಾತು ಹೇಳಿದರೆ ಸರಿಯಾಗಿ ಕೂರುತ್ತದೆ. ಹುಬ್ಬಳ್ಳಿಗೆ ಹೋಗೋ ಒಂದು ಬಸ್ ತಪ್ಪಿದ್ದಕ್ಕೆ ಹೇಳಿದರೆ ನಗು ಬರುತ್ತದೆ, ಅಲ್ವಾ?

ವ್ಯಾಕರಣ ಜಾಸ್ತಿ ಇಲ್ಲ. ಮುಂದೆ 'ಅಟ್' ಬರಬೇಕು, 'ಇನ್' ಅಲ್ಲ. 'ಮೈ' ಜಾಗದಲ್ಲಿ ಆಳಿಗೆ ತಕ್ಕಂತೆ 'ಹರ್', 'ದೇರ್' ಹಾಕಿ. ಯಾವುದರಿಂದ ಸಾಕಾಗಿದೆ ಅನ್ನೋದಕ್ಕೆ 'ವಿತ್': ಎರಡು ತಿಂಗಳಿಂದ ಸೋರುವ ನಲ್ಲಿಯ ಬಗ್ಗೆ 'ಐ ಆಮ್ ಅಟ್ ದಿ ಎಂಡ್ ಆಫ್ ಮೈ ರೋಪ್ ವಿತ್ ದಿಸ್ ಟ್ಯಾಪ್' ಅನ್ನಬಹುದು. 'ರೀಚ್ಡ್' ಬಳಸಿದರೆ 'ಅಟ್' ಬಿಟ್ಟುಬಿಡಿ.

ಪರೀಕ್ಷೆಯಲ್ಲಿ ಕಾಲೆಳೆಯೋದು ಇದರ ಪಕ್ಕದ ಮಾತುಗಳು. 'ಅಟ್ ಮೈ ವಿಟ್ಸ್ ಎಂಡ್' ಅಂದ್ರೆ ಬುದ್ಧಿ ಓಡದೆ, ಏನು ಮಾಡಬೇಕೋ ತಿಳಿಯದೆ ಕೂತಿರೋದು. 1611ರ ಕಿಂಗ್ ಜೇಮ್ಸ್ ಬೈಬಲ್‌ನ 107ನೇ ಕೀರ್ತನೆಯಲ್ಲಿ ಬಿರುಗಾಳಿಗೆ ಸಿಕ್ಕ ನಾವಿಕರ ಪಾಡನ್ನು ಹೇಳುವಾಗ ಇದೇ ಮಾತಿದೆ. ಎರಡೂ ಹತ್ತಿರವೇ, ಆದರೆ ಒಂದರಲ್ಲಿ ಸುಸ್ತು ಜಾಸ್ತಿ, ಇನ್ನೊಂದರಲ್ಲಿ ಗೊಂದಲ. 'ನೋ ದಿ ರೋಪ್ಸ್' ಮಾತ್ರ ಪೂರ್ತಿ ಬೇರೆ, ಕೆಲಸದ ಒಳಹೊರಗು ಗೊತ್ತಿರೋದು.

ಆಫೀಸಿನ ಅರ್ಜಿಯಲ್ಲಿ ಇದನ್ನು ಬರೆಯಬೇಡಿ, ಇದು ಆಡುಮಾತು. ಗೆಳೆಯರಿಗೆ ವಾಟ್ಸಾಪ್‌ನಲ್ಲಿ ಧಾರಾಳವಾಗಿ ಹಾಕಿ. ನನ್ನ ರೂಮ್‌ಮೇಟ್ ಅಂತೂ ಅರ್ಥ ಗೊತ್ತಾದ ಮೇಲೆ ರೊಟ್ಟಿ ತಣ್ಣಗಾದರೂ ಇದನ್ನೇ ಕಳಿಸ್ತಾನೆ.